ಬಿಳಿ ನಾಯಿ, ನೇರಳೆ ಶಾಂಪೂ

ಸಂಪಾದಕರೇ,

ನಮ್ಮನೆ ಮಾಲ್ಟೀಸ್ ನಾಯಿ ಮುತ್ತುವಿನ ಕೂದಲು ನೆಲ ಗುಡಿಸುವಷ್ಟು ಉದ್ದ. ಕಣ್ಣ ಕೆಳಗೆ ಕಂದು ಕಲೆ. ‘ಬೆಳ್ಳಗಾಗುತ್ತೆ ಮೇಡಂ’ ಎಂದು ಅಂಗಡಿಯವರು 650 ರೂಪಾಯಿಯ ನೇರಳೆ ಶಾಂಪೂ ಕೊಟ್ಟರು. ಕಲೆ ಹೋಗಲಿಲ್ಲ, ಪಾಪ ಮುತ್ತು ಮೂರು ದಿನ ಕೆರೆದುಕೊಂಡಿತು. ಬಾಟಲಿ ಮೇಲೆ ನಾಯಿಯ ಚಿತ್ರ ದೊಡ್ಡದು. ಒಳಗೇನಿದೆ ಅನ್ನುವುದು ಭೂತಗನ್ನಡಿ ಹಿಡಿದರೂ ಕಾಣಲಿಲ್ಲ.

ಆ ಕಲೆ ಕೊಳೆಯಲ್ಲ, ಕಣ್ಣೀರಿನಲ್ಲಿರುವ ಪಾರ್ಫಿರಿನ್ ಎಂಬ ಬಣ್ಣದ ವಸ್ತು ಎಂದು ಪಶುವೈದ್ಯರು ಆಮೇಲೆ ಹೇಳಿದರು. ಈಗ ದಿನಾ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒರೆಸುತ್ತೇನೆ. ಸ್ನಾನಕ್ಕೆ ಮುಂಚೆಯೇ ಸ್ಟೀಲ್ ಬಾಚಣಿಗೆಯಿಂದ ಸಿಕ್ಕು ಬಿಡಿಸುತ್ತೇನೆ, ನೆನೆದರೆ ಗಂಟು ಇನ್ನೂ ಬಿಗಿ. ನಮ್ಮ ಶಾಂಪೂ ಅಂತೂ ಬೇಡವೇ ಬೇಡವಂತೆ, ನಾಯಿಯ ಚರ್ಮವೇ ಬೇರೆ ಅಲ್ವಾ.

ಇಂಥ ಬಾಟಲಿಗಳ ಮೇಲೆ ಒಳಗಿರುವುದನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬಾರದೇ?

– ಓದುಗಿ, ಸರಸ್ವತಿಪುರಂ, ಮೈಸೂರು