ಲೋಷನ್ನಿನ ಹದ ಚಮಚದ ಅಳತೆಗೆ ಸಿಗದು

ಮಾನ್ಯ ಸಂಪಾದಕರೇ,

ಮನೆಯಲ್ಲೇ ಬಾಡಿ ಲೋಷನ್ ಮಾಡುವ ವಿಧಾನಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅಳತೆ ಮಾತ್ರ ಚಮಚ, ಕಪ್ಪುಗಳಲ್ಲೇ ಇರುತ್ತದೆ. ಒಂದು ಸಲ ಬೆಣ್ಣೆಯಷ್ಟು ಗಟ್ಟಿ, ಇನ್ನೊಂದು ಸಲ ಹಾಲಿನಷ್ಟು ತೆಳು ಆಗುವುದಕ್ಕೆ ಮೊದಲ ಕಾರಣ ಇದೇ. ಎಮಲ್ಸಿಫೈಯಿಂಗ್ ವ್ಯಾಕ್ಸ್ (ನೀರು, ಎಣ್ಣೆಗಳನ್ನು ಬೆರೆಸಿ ಹಿಡಿದಿಡುವ ಮೇಣ) ಚಕ್ಕೆಯಾಗಿದ್ದರೆ ಚಮಚದಲ್ಲಿ ಹಿಡಿಯುವ ತೂಕ ಒಂದು, ಸಣ್ಣ ಕಾಳಾಗಿದ್ದರೆ ಇನ್ನೊಂದು. ದಯವಿಟ್ಟು ನೀರನ್ನೂ ಸೇರಿಸಿ ಎಲ್ಲವನ್ನೂ ಗ್ರಾಂನಲ್ಲೇ ಅಚ್ಚು ಹಾಕಿಸಿ.

ಉದಾಹರಣೆಗೆ 500 ಗ್ರಾಂ ಲೋಷನ್‌ಗೆ ನೀರು 370, ಎಣ್ಣೆ 75, ಎಮಲ್ಸಿಫೈಯಿಂಗ್ ವ್ಯಾಕ್ಸ್ 25, ಗ್ಲಿಸರಿನ್ 15, ಸೆಟೈಲ್ ಆಲ್ಕೋಹಾಲ್ (ಲೋಷನ್ ಗಟ್ಟಿಯಾಗಿಸುವ ಮೇಣದಂಥ ವಸ್ತು) 10, ಪ್ರಿಸರ್ವೇಟಿವ್ (ಕೆಡದಂತೆ ಕಾಯುವ ವಸ್ತು) 5 ಗ್ರಾಂ. ಇದನ್ನೇ 100 ಗ್ರಾಂಗೆ ಇಳಿಸಿದರೆ ಸೆಟೈಲ್ ಆಲ್ಕೋಹಾಲ್ ಬರೀ 2 ಗ್ರಾಂ. ಒಂದೊಂದೇ ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯಲ್ಲಿ ಅರ್ಧ ಗ್ರಾಂ ತಪ್ಪಿದರೆ ಕಾಲು ಭಾಗವೇ ಹೆಚ್ಚುಕಡಿಮೆಯಾಯಿತು. 0.1 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು.

ಹದ ಬದಲಾಗಲು ಎರಡನೆಯ ಕಾರಣ ಆವಿ. ಎಣ್ಣೆ, ನೀರು ಎರಡನ್ನೂ ಬೇರೆ ಬೇರೆಯಾಗಿ 70–75 ಡಿಗ್ರಿಗೆ ಕಾಯಿಸಿ 20 ನಿಮಿಷ ಇಡುವಾಗ, ಅಗಲ ಬಾಯಿಯ ಪಾತ್ರೆಯಿಂದ ಎಷ್ಟು ನೀರು ಹೋಯಿತೆಂದು ಕಣ್ಣಳತೆಗೆ ತಿಳಿಯುವುದಿಲ್ಲ. ಕಾಯಿಸುವ ಮೊದಲು ನೀರನ್ನು ಪಾತ್ರೆಸಮೇತ ತೂಗಿ ಬರೆದಿಡಿ. ಕಾದ ಮೇಲೆ ಮತ್ತೆ ತೂಗಿ, ಕಡಿಮೆಯಾದಷ್ಟು ಬಿಸಿನೀರು ಸೇರಿಸಿ. ಆ ನೀರು ತಣ್ಣಗಿದ್ದರೆ ವ್ಯಾಕ್ಸ್ ಅಲ್ಲಲ್ಲೇ ಹೆಪ್ಪುಗಟ್ಟಿ ಲೋಷನ್ ತರಿತರಿಯಾಗುತ್ತದೆ.

ಎಣ್ಣೆ, ನೀರು ಸೇರಿಸಿ ಕಡೆಯುವ ರೀತಿಯೂ ಪ್ರತಿ ಸಲ ಒಂದೇ ಆಗಿರಲಿ. ಹ್ಯಾಂಡ್ ಬ್ಲೆಂಡರ್‌ನ ತಲೆ ಪೂರ್ತಿ ಮುಳುಗಿರಬೇಕು, ಬಿಟ್ಟು ಬಿಟ್ಟು ಎರಡು-ಮೂರು ನಿಮಿಷ ತಿರುಗಿಸಿದರೆ ಸಾಕು. ಗಾಳಿ ಸೇರಿದ ಲೋಷನ್ ಅಂದು ಉಬ್ಬಿ ಗಟ್ಟಿಯಾಗಿ ಕಂಡರೂ ಮರುದಿನ ಕುಸಿಯುತ್ತದೆ. ಆಮೇಲೆ 40 ಡಿಗ್ರಿಗೆ ಇಳಿಯುವವರೆಗೆ ಸೌಟಿನಿಂದ ನಿಧಾನವಾಗಿ ತಿರುವುತ್ತಿರಿ. ದೊಡ್ಡ ಪಾತ್ರೆ ಆರುವುದು ನಿಧಾನ. 100 ಗ್ರಾಂನಲ್ಲಿ ಬಂದ ಹದ 1 ಕಿಲೋದಲ್ಲಿ ಬರದಿರಲು ಅದೂ ಒಂದು ಕಾರಣ.

ಹೆಚ್ಚಿನವರು ಎಡವುವುದು ಅವಸರದಲ್ಲಿ. ಬಿಸಿ ಲೋಷನ್ ತೆಳ್ಳಗೇ ಇರುತ್ತದೆ. ಸೆಟೈಲ್ ಆಲ್ಕೋಹಾಲ್ ಆರಿ ಬಿಗಿಯಾಗಲು ಒಂದೆರಡು ದಿನ ಬೇಕು. ತೆಳುವಾಯಿತೆಂದು ಆಗಲೇ ಇನ್ನಷ್ಟು ವ್ಯಾಕ್ಸ್ ಸುರಿದರೆ ಮೂರನೇ ದಿನ ಬಾಟಲಿಯಿಂದ ಹೊರಗೇ ಬರುವುದಿಲ್ಲ. 48 ಗಂಟೆ ಬಿಟ್ಟು, ಹಿಂದೆ ಮಾಡಿದ್ದನ್ನೂ ಈಗ ಮಾಡಿದ್ದನ್ನೂ ಒಂದೇ ಕೋಣೆಯಲ್ಲಿಟ್ಟು ಹೋಲಿಸಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲೇ ಕರಗುತ್ತದಾದ್ದರಿಂದ, ಅದು ಹೆಚ್ಚಿರುವ ಲೋಷನ್ ಸೆಕೆಗೂ ಚಳಿಗೂ ಬೇರೆಯೇ ಅನ್ನಿಸೀತು. ಅದು ಮಾಡಿದವರ ತಪ್ಪಲ್ಲ.

ಇಷ್ಟೆಲ್ಲ ಸರಿಯಿದ್ದೂ ಹದ ಬದಲಾದರೆ ವ್ಯಾಕ್ಸಿನ ಚೀಟಿ ಓದಿ. ಆ ಹೆಸರಿನಲ್ಲಿ ಬೇರೆ ಬೇರೆ ಮಿಶ್ರಣಗಳು ಸಿಗುತ್ತವೆ. ಜೇನುಮೇಣ ಅದರ ಬದಲಿಯಲ್ಲ. ಅದೊಂದೇ ನೀರು, ಎಣ್ಣೆಗಳನ್ನು ಹಿಡಿದಿಡಲಾರದು.

ತಳದಲ್ಲಿ ನೀರು ನಿಂತರೆ ಅದು ಒಡೆದ ಲೋಷನ್, ಗಟ್ಟಿ ಮಾಡಿ ಪ್ರಯೋಜನವಿಲ್ಲ. ಸರಿಯಿದ್ದದ್ದು ಕೆಲವು ವಾರಗಳ ನಂತರ ತೆಳುವಾಗಿ ವಾಸನೆಯೂ ಬದಲಾಗಿದ್ದರೆ ಸೂಕ್ಷ್ಮಾಣುಗಳು ಸೇರಿರಬಹುದು. ಅದನ್ನು ಮತ್ತೆ ಕಾಯಿಸದೆ ಎಸೆದುಬಿಡಿ.

— ಓದುಗರು