ಆ ಬಾವಿಯ ಕಥೆ ಹೇಳುವ ಫಲಕ ಬೇಕು

ಮಾನ್ಯರೇ,

ಮೊನ್ನೆ ಬೆಳಗಾವಿಯ ಟಿಳಕವಾಡಿಯಲ್ಲಿ ಮೊಮ್ಮಗಳ ಜೊತೆ ನಡೆದು ಹೋಗುವಾಗ ಅವಳು ಕೇಳಿದಳು: ‘ಅಜ್ಜಾ, ಪಕ್ಷದ ಹೆಸರನ್ನ ರಸ್ತೆಗೆ ಯಾಕೆ ಇಟ್ಟಾರ?’ ಕಾಂಗ್ರೆಸ್ ರೋಡ್ ಎಂಬ ಹೆಸರು ಇವತ್ತಿನ ರಾಜಕೀಯದ್ದಲ್ಲ. 1924ರ ಡಿಸೆಂಬರ್‌ನಲ್ಲಿ ಇಲ್ಲಿ ನಡೆದ ಅಧಿವೇಶನದ್ದು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು. ಸ್ವಾತಂತ್ರ್ಯ ಹೋರಾಟಗಾರ ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ನಡೆಸಿದರು. ಅಧಿವೇಶನದ ಬಿಡಾರಕ್ಕೆ ವಿಜಯನಗರ ಎಂದು ಹೆಸರಿಟ್ಟಿದ್ದರು. ಇನ್ನೂ ಸಣ್ಣ ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ ಗಾಂಧೀಜಿ ಎದುರು ಹಾಡಿದ್ದೂ ಇಲ್ಲೇ. ಅದನ್ನು ಹೇಳಿದಾಗ ನಮ್ಮ ಹುಡುಗಿ ರಸ್ತೆ ಬದಿಯಲ್ಲೇ ನಿಂತುಬಿಟ್ಟಳು. ‘ನನ್ನಷ್ಟೇ ಇದ್ದಳಾ?’ ಎಂದಳು. ಹೌದು, ಹೆಚ್ಚುಕಡಿಮೆ ಅಷ್ಟೇ.

ಅಧಿವೇಶನಕ್ಕೆ ಬಂದ ಜನರ ನೀರಿಗಾಗಿ ತೋಡಿದ ಬಾವಿ, ಅದರ ನೆನಪಿಗೆ ಕಟ್ಟಿದ ವೀರಸೌಧದ ಹತ್ತಿರ ಇವತ್ತಿಗೂ ಇದೆ, ಅಲ್ವಾ? ದಿನಾ ಎಷ್ಟೋ ಮಂದಿ ಗಾಡಿಯಲ್ಲಿ ಅದರ ಪಕ್ಕದಲ್ಲೇ ಹೋಗುತ್ತಾರೆ. ಸುಮ್ನೆ ಒಂದು ಕ್ಷಣ ನಿಂತು ನೋಡುವವರು ಕಡಿಮೆ. ರಸ್ತೆಯ ಎರಡೂ ತುದಿಯಲ್ಲಿ ಈ ಹೆಸರು ಹೇಗೆ ಬಂತು, ಆ ಬಾವಿಯ ಕಥೆ ಏನು ಎಂದು ನಾಲ್ಕು ಸಾಲಿನ ಕನ್ನಡ ಫಲಕ ಹಾಕಿಸಿ. ಅಕ್ಷರ ದೊಡ್ಡದಿರಲಿ, ಮಕ್ಕಳು ನಿಂತು ಓದುವ ಎತ್ತರದಲ್ಲಿರಲಿ. ಇದಕ್ಕೆ ಜಾಸ್ತಿ ಖರ್ಚೇನೂ ಆಗದು.

– ಟಿಳಕವಾಡಿಯ ಓದುಗ, ಬೆಳಗಾವಿ