ಸೀಲ್ ಮರಿಗಳ ಆರೈಕೆಗೆ ಹೊರಟ ಅನಘಾಳಿಗೆ

ನಾರ್ವಿಚ್

ಪ್ರೀತಿಯ ಅನಘಾ,

ದೊಡ್ಡಮ್ಮನ ಆಶೀರ್ವಾದಗಳು. ಈ ಚಳಿಗಾಲ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಸೀಲ್ ಮರಿಗಳ ಆರೈಕೆಗೆ ನಿಲ್ಲುತ್ತೀಯ ಅಂತ ನಿನ್ನ ಅಮ್ಮ ಫೋನ್ ಮಾಡಿ ಹೇಳಿದಳು. ತುಂಬಾ ಖುಷಿಯಾಯಿತು. ಅವಳಿಗೆ ಮಾತ್ರ ಮೈಸೂರಿನಲ್ಲಿ ಕೂತು ಭಯ. ನಾನು ಇಲ್ಲಿ ನಾರ್ಫೋಕ್ ಕರಾವಳಿಯಲ್ಲಿ ಎಷ್ಟೋ ಚಳಿಗಾಲ ಇದೇ ಕೆಲಸಕ್ಕೆ ನಿಂತವಳು. ನೀನು ಹೊರಡುವ ಮೊದಲು ಕೆಲವು ಮಾತು ಹೇಳಬೇಕು ಅನ್ನಿಸಿತು.

ಮೊದಲನೆಯದು, ಒಂಟಿ ಮರಿ ಕಂಡ ಕೂಡಲೇ ಎತ್ತಿಕೊಳ್ಳಬೇಡ. ಬೂದು ಸೀಲ್ ಮರಿ ಹುಟ್ಟುವಾಗ ಸುಮಾರು 14 ಕಿಲೋ ಇರುತ್ತದೆ. ತಾಯಿ ಹಾಲು ಕೊಡುವುದು ಬರೀ ಮೂರು ವಾರ. ಆ ಹಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬು. ಮರಿ ದಿನಕ್ಕೆ ಎರಡು ಕಿಲೋದಷ್ಟು ಬೆಳೆದು 40 ಕಿಲೋ ದಾಟುತ್ತದೆ. ಅಷ್ಟು ದಿನ ತಾಯಿ ಹೆಚ್ಚುಕಡಿಮೆ ಉಪವಾಸ. ತನ್ನ ಮೈಯನ್ನೇ ಕರಗಿಸಿ ಮರಿಗೆ ಕೊಡುತ್ತಾಳೆ. ಆಮೇಲೆ ಒಂದು ದಿನ ಎದ್ದು ಕಡಲಿಗೆ ಹೋಗಿಬಿಡುತ್ತಾಳೆ, ಮತ್ತೆ ಬರುವುದಿಲ್ಲ. ಮರಿ ಬಿಳಿ ತುಪ್ಪಳ ಉದುರಿಸಿಕೊಂಡು, ವಾರಗಟ್ಟಲೆ ಏನೂ ತಿನ್ನದೆ ದಡದಲ್ಲೇ ಬಿದ್ದಿರುತ್ತದೆ. ನೋಡುವವರಿಗೆ ಅನಾಥ ಅನ್ನಿಸುತ್ತದೆ. ಆದರೆ ಅದು ಬೆಳೆಯುವ ರೀತಿಯೇ ಹಾಗೆ. ಇನ್ನೂ ಹಾಲು ಕುಡಿಯುವ ಮರಿಯ ತಾಯಿಯೂ ಎಷ್ಟೋ ಸಲ ಹತ್ತಿರದ ನೀರಿನಲ್ಲೇ ಇರುತ್ತಾಳೆ. ಸುತ್ತ ಜನ ನಿಂತರೆ ದಡಕ್ಕೆ ಬರಲು ಹೆದರುತ್ತಾಳೆ. ಕೆಲವೊಮ್ಮೆ ಹಾಗೇ ಬಿಟ್ಟು ಹೋಗುತ್ತಾಳೆ. ನಾವು ಪ್ರೀತಿಯಿಂದ ಹತ್ತಿರ ಹೋಗಿ ಅನಾಥ ಮಾಡಿದ ಮರಿಗಳೂ ಇವೆ ಮಗಳೇ. ಇದನ್ನು ಮರೆಯಬೇಡ.

ಕಣ್ಣು ನೋಡುವುದನ್ನು ಕಲಿ. ಮರಿ ಅಳುತ್ತಿದೆ ಅಂತ ದಡದಲ್ಲಿ ಜನ ಓಡಿ ಬರುತ್ತಾರೆ. ಸೀಲ್‌ಗಳಿಗೆ ಕಣ್ಣೀರು ಮೂಗಿಗೆ ಇಳಿಯುವ ನಾಳ ಇಲ್ಲ, ಅದಕ್ಕೇ ನೀರು ಮುಖದ ಮೇಲೆ ಹರಿಯುತ್ತದೆ. ಕಣ್ಣ ಸುತ್ತ ಒದ್ದೆ ಉಂಗುರ ಇದ್ದರೆ ಮೈಯಲ್ಲಿ ನೀರಿನಂಶ ಸಾಕಷ್ಟಿದೆ ಅಂತ ಅರ್ಥ. ಕಣ್ಣು ಒಣಗಿ ಅಂಟಂಟಾಗಿದ್ದರೆ ಆಗ ಹೆದರಬೇಕು. ಕುತ್ತಿಗೆ ಎದ್ದು ಕಾಣುತ್ತಿದೆಯಾ, ಸೊಂಟದ ಮೂಳೆ ಕಾಣುತ್ತಿದೆಯಾ, ಕೆಮ್ಮು, ಗಾಯ, ಮೈಗೆ ಸುತ್ತಿದ ಬಲೆ ಇದೆಯಾ, ಎಲ್ಲ ದೂರದಿಂದಲೇ ನೋಡು. ನಾಯಿಗಳನ್ನು ಹತ್ತಿರ ಬಿಡಬೇಡ. ಮರಿಯನ್ನು ನೀರಿಗೆ ತಳ್ಳಲು ಬರುವವರನ್ನು ತಡೆ. ಚೆನ್ನಾಗಿ ಈಜಲು ಬಾರದ ಬಿಳಿ ಮರಿ ಅಲೆಗೆ ಸಿಕ್ಕಿ ಸಾಯಬಹುದು. ಅನುಮಾನ ಬಂದರೆ ಕಡಲ ಪ್ರಾಣಿಗಳನ್ನು ಕಾಪಾಡುವ ಬ್ರಿಟಿಷ್ ಡೈವರ್ಸ್ ಮರೀನ್ ಲೈಫ್ ರೆಸ್ಕ್ಯೂನವರಿಗೆ ಫೋನ್ ಮಾಡು. 1988ರಲ್ಲಿ ಡಿಸ್ಟೆಂಪರ್ ವೈರಸ್ ಉತ್ತರ ಸಮುದ್ರದ ಸೀಲ್‌ಗಳಿಗೆ ಹಬ್ಬಿ ಸಾವಿರಾರು ಸತ್ತಾಗ ಒಟ್ಟಾದ ಜನ ಅವರು. ತರಬೇತಿ ಪಡೆದವರು ಬಂದು ನೋಡುವವರೆಗೆ ದೂರ ನಿಂತು ಜನರನ್ನು ಹಿಂದೆ ಕಳಿಸುವುದೇ ನಿನ್ನ ಕೆಲಸ. ಏನೂ ಮಾಡಲಿಲ್ಲ ಅನ್ನಿಸಬಹುದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅದೇ ದೊಡ್ಡದು.

ಇನ್ನು ಆರೈಕೆ ಕೇಂದ್ರಕ್ಕೆ ಬಂದ ಮರಿಯ ವಿಷಯ. ಹಸಿದಿದೆ ಅಂತ ಯಾರಾದರೂ ಹಸುವಿನ ಹಾಲು ತಂದುಕೊಟ್ಟರೆ ಬೇಡ ಅನ್ನು. ಸೀಲ್ ಹಾಲಿನಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇಲ್ಲವೆನ್ನುವಷ್ಟು ಕಡಿಮೆ, ಮರಿಗೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ. ಮೊದಲು ಉಪ್ಪು ಸಕ್ಕರೆಯ ಅಂಶವಿರುವ ದ್ರವವನ್ನು ಕೊಳವೆಯಲ್ಲಿ ಹೊಟ್ಟೆಗೆ ಇಳಿಸುತ್ತಾರೆ. ಅದು ಒಗ್ಗಿದ ಮೇಲೆ ಅರೆದ ಮೀನಿನ ಗಂಜಿ. ಆಮೇಲೆ ಇಡೀ ಹೆರಿಂಗ್ ಮೀನು. ಕಷ್ಟ ಶುರುವಾಗುವುದು ಅಲ್ಲೇ. ಮೀನು ಅಂದರೆ ತಿನ್ನುವ ವಸ್ತು ಅಂತ ಮರಿಗೆ ಗೊತ್ತೇ ಇಲ್ಲ. ಬಾಯಿಗಿಟ್ಟರೆ ಉಗುಳುತ್ತದೆ, ಗುರುಗುಟ್ಟುತ್ತದೆ, ಕಚ್ಚಲು ಬರುತ್ತದೆ. ತಲೆ ಮುಂದಾಗಿ, ಒಳಕ್ಕೆ ಜಾರುವಂತೆ ಕೊಡಬೇಕು. ಬಾಲದ ಕಡೆಯಿಂದ ಕೊಟ್ಟರೆ ಈಜುರೆಕ್ಕೆ ಗಂಟಲಿಗೆ ಚುಚ್ಚುತ್ತದೆ. ಇವತ್ತು ನುಂಗಿದ ಮರಿ ನಾಳೆ ಮತ್ತೆ ಬೇಡ ಅನ್ನುತ್ತದೆ. ಬೇಜಾರು ಮಾಡಿಕೊಳ್ಳಬೇಡ. ಕೈಯಿಂದ ತಿನ್ನಲು ಕಲಿತ ಮೇಲೆ ಮೀನನ್ನು ನೀರಿಗೆ ಎಸೆಯುತ್ತೀರಿ. ನಂತರ ದೊಡ್ಡ ಕೊಳ, ಅಲ್ಲಿ ಬೇರೆ ಮರಿಗಳ ಜೊತೆ ಪೈಪೋಟಿ. ಮೆತ್ತಗಿರುವ ಮರಿಗೆ ಮೀನು ಸಿಗದಿದ್ದಾಗ ನಿನಗೆ ಪಾಪ ಅನ್ನಿಸುತ್ತದೆ, ಬದಿಗೆ ಕರೆದು ಒಂದು ಕೊಡೋಣ ಅನ್ನಿಸುತ್ತದೆ. ಕೊಡಬೇಡ. ಅದು ಕಿತ್ತುಕೊಂಡು ತಿನ್ನಲು ಕಲಿಯಲೇಬೇಕು. ತೂಕ ಇಳಿಯುತ್ತಿದ್ದರೆ ಹಿರಿಯರಿಗೆ ಹೇಳು, ಅವರು ನೋಡಿಕೊಳ್ಳುತ್ತಾರೆ.

ಮರಿಯ ಜೊತೆ ಮಾತಾಡಬೇಡ. ನಿನಗೆ ಇದೇ ಎಲ್ಲಕ್ಕಿಂತ ಕಷ್ಟವಾಗುತ್ತದೆ ಅಂತ ನನಗೆ ಗೊತ್ತು. ಚಿಕ್ಕಂದಿನಲ್ಲಿ ಬೀದಿ ನಾಯಿಮರಿಗಳನ್ನೆಲ್ಲ ಮನೆಗೆ ಹೊತ್ತು ತಂದವಳು ನೀನು. ಆದರೆ ಮುದ್ದಿಸಿ ಬೆಳೆಸಿದ ಸೀಲ್ ಕಡಲಿಗೆ ಹೋದ ಮೇಲೂ ಮನುಷ್ಯರನ್ನು, ದೋಣಿಗಳನ್ನು ಹುಡುಕಿಕೊಂಡು ಬರುತ್ತದೆ. ಒಬ್ಬರು ಮೀನು ಎಸೆಯುತ್ತಾರೆ, ಇನ್ನೊಬ್ಬರು ಕಲ್ಲು. ದೋಣಿಯ ಪ್ರೊಪೆಲರ್‌ಗೆ ಎಲ್ಲರೂ ಒಂದೇ. ನಿನ್ನನ್ನು ಕಂಡು ಗುರುಗುಟ್ಟುವ ಮರಿ ನಿನ್ನ ಆರೈಕೆ ಸರಿಯಾಗಿದೆ ಅಂತ ಹೇಳುತ್ತಿದೆ. ಪಟ್ಟಿ ಇಡಲು ಕೇಂದ್ರದವರು ಒಂದು ಹೆಸರು ಕೊಟ್ಟಿರುತ್ತಾರೆ. ಅದನ್ನು ಬರೆಯಲು ಬಳಸು, ಕರೆಯಲು ಬೇಡ.

ಕೆಲವು ಮರಿಗಳು ಸಾಯುತ್ತವೆ. ತಂದ ರಾತ್ರಿಯೇ ಹೋಗುವುದೂ ಉಂಟು. ಅತ್ತರೆ ಅಳು, ಆದರೆ ಮರುದಿನ ಬೆಳಗ್ಗೆ ಪಕ್ಕದ ತೊಟ್ಟಿ ತೊಳೆಯಲು ಹೊತ್ತಿಗೆ ಸರಿಯಾಗಿ ಹೋಗು.

ಇಷ್ಟೊಂದು ಸೀಲ್ ಇರುವಾಗ ಇವನ್ನು ಯಾಕೆ ಉಳಿಸಬೇಕು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೋಪ ಮಾಡಿಕೊಳ್ಳಬೇಡ, ಅದು ನ್ಯಾಯವಾದ ಪ್ರಶ್ನೆ. ನಮ್ಮ ಬ್ಲೇಕ್ನಿ ಪಾಯಿಂಟ್‌ನಲ್ಲಿ 2001ರಲ್ಲಿ ಹುಟ್ಟಿದ್ದು 25 ಮರಿ. ಈಗ ಚಳಿಗಾಲಕ್ಕೆ ಸಾವಿರಗಟ್ಟಲೆ. ನಾವು ಉಳಿಸಿದ್ದರಿಂದ ಈ ಸಂಖ್ಯೆ ಬಂತು ಅಂತ ನಾನು ಹೇಳುವುದಿಲ್ಲ. ಕೊಲ್ಲುವುದು ನಿಂತಿದ್ದು, ಅವುಗಳ ದಡ ಅವುಗಳಿಗೆ ಸಿಕ್ಕಿದ್ದು ದೊಡ್ಡ ಕಾರಣ. ನೆದರ್‌ಲ್ಯಾಂಡ್ಸ್‌ನಲ್ಲಂತೂ ಸೀಲ್ ಕೇಂದ್ರಗಳೇ ಒಪ್ಪಂದ ಮಾಡಿಕೊಂಡು, ಅವಸರದಲ್ಲಿ ಮರಿ ಎತ್ತುವುದನ್ನು ಕಡಿಮೆ ಮಾಡಿವೆ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ 2017ರಲ್ಲಿ ಇಲ್ಲಿ ಹಾರ್ಸಿ ದಡಕ್ಕೆ ಒಂದು ಹೆಣ್ಣು ಸೀಲ್ ಬಂತು. ಯಾರೋ ಆಡಿ ಬಿಟ್ಟ ಪ್ಲಾಸ್ಟಿಕ್ ಫ್ರಿಸ್ಬಿ, ಅಂದರೆ ಎಸೆದಾಡುವ ಬಳೆ, ಅದರ ಕುತ್ತಿಗೆಗೆ ಸಿಕ್ಕಿ, ಮಾಂಸದೊಳಗೆ ಆಳವಾಗಿ ಇಳಿದಿತ್ತು. ಅದನ್ನು ಕತ್ತರಿಸಿ ತೆಗೆದು, ತಿಂಗಳುಗಟ್ಟಲೆ ಔಷಧ ಮಾಡಿ, 2018ರಲ್ಲಿ ಕಡಲಿಗೆ ಬಿಟ್ಟರು. ಆ ಬಳೆ ಕಡಲಿನದಲ್ಲ, ನಮ್ಮದು. ನಾವು ಹಾಕಿದ್ದನ್ನು ನಾವೇ ತೆಗೆಯಬೇಕು, ಅಲ್ವಾ? ಕೇಳಿದವರಿಗೆ ನಾನು ಇಷ್ಟೇ ಹೇಳುವುದು.

ಮರಿಯನ್ನು ಕಡಲಿಗೆ ಬಿಡುವ ದಿನ ಪೆಟ್ಟಿಗೆ ತೆರೆದ ಮೇಲೆ, ಮರಿ ಹಿಂದಕ್ಕೆ ಬರದಂತೆ ಅಡ್ಡ ಹಲಗೆ ಹಿಡಿದು ಹಿಂದೆ ನಿಲ್ಲು. ಹಿಂದಿನ ಈಜುಗಾಲಿಗೆ ಗುರುತಿನ ಬಿಲ್ಲೆ ಹಾಕಿರುತ್ತಾರೆ, ಅದರ ನಂಬರ್ ಬೇಕಾದರೆ ನೆನಪಿಟ್ಟುಕೋ. ಕೆಲವು ಸೀದಾ ಅಲೆಗೆ ಹೋಗುತ್ತವೆ. ಕೆಲವು ಅರ್ಧಕ್ಕೆ ತಿರುಗಿ ನೋಡುತ್ತವೆ. ನಿನ್ನನ್ನೇ ನೋಡಿತು ಅಂದುಕೊಂಡು ಹತ್ತಿರ ಹೋಗಬೇಡ. ಹಲಗೆ ಅಲ್ಲಾಡದಂತೆ ಹಿಡಿದಿರು.

ಕೊನೆಗೆ ನಿನ್ನ ಅಮ್ಮನ ಸಮಾಧಾನಕ್ಕೆ ಒಂದು ಮಾತು. ದಪ್ಪ ಕೈಗವಸು ಇಲ್ಲದೆ ಮರಿ ಮುಟ್ಟಬೇಡ. ಸಣ್ಣ ಮರಿಯ ಹಲ್ಲೂ ಚೂಪು. ಬೆರಳಿಗೆ ಕಚ್ಚಿದರೆ ತಕ್ಷಣ ತೊಳೆದು ಆಸ್ಪತ್ರೆಗೆ ಹೋಗು. ಸೀಲ್ ಕಚ್ಚಿದ್ದು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳು. ಸೀಲ್ ಕಚ್ಚಿ ಬರುವ ಸೋಂಕಿಗೆ ಪೆನಿಸಿಲಿನ್ ನಾಟುವುದಿಲ್ಲ, ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಬೇಕು. ಊರಿನ ಡಾಕ್ಟರಿಗೆ ಅದು ಹೊಳೆಯದೇ ಇರಬಹುದು. ಬೆರಳು ಊದಿ ಮಡಚಲಾಗದ ಹಾಗಾಗುವವರೆಗೆ ಸುಮ್ನೆ ಕೂರಬೇಡ. ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಕಳಿಸಿದ್ದೇನೆ. ತಲುಪಿದ ಕೂಡಲೇ ಅಮ್ಮನಿಗೆ ಫೋನ್ ಮಾಡು, ಆಮೇಲೆ ನನಗೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ